ನಿಧಾನದ ರಬ್ಬರ್

"ನಾಳೆ ಫೈನಲ್‌ನಲ್ಲಿ ನನ್ನ ಎದುರು ಆಡೋದು ನಿಮ್ಮ ತಂಗಿ. ಯಾಕೆ ಹೇಳ್ಲಿಲ್ಲ?"

ಅವಳು ಬ್ಯಾಟನ್ನು ಕೌಂಟರ್ ಮೇಲೆ ಕುಕ್ಕಿದಳು. ಟೇಬಲ್ ಟೆನಿಸ್ ಅಂಗಡಿಯವನು ಅಂಟು ಸವರುತ್ತಿದ್ದ ಬ್ರಷ್ಷನ್ನು ಕೆಳಗಿಟ್ಟ.

ಒಬ್ಬೊಬ್ಬರ ಆಟ ನೋಡಿ, ಅದಕ್ಕೆ ತಕ್ಕ ರಬ್ಬರ್ ಹಾಳೆ ಆರಿಸಿ ಬ್ಯಾಟಿನ ಮೈಗೆ ಅಂಟಿಸಿಕೊಡುವುದು ಅವನ ಕೆಲಸ. ಕೆಲವು ವಾರಗಳಿಂದ ಸಂಜೆ ಸಂಜೆ ಅವಳನ್ನು ಹಿಂದಿನ ಕೋಣೆಯಲ್ಲಿ ನಿಲ್ಲಿಸಿಕೊಂಡು, ಒಂದೊಂದೇ ರಬ್ಬರ್ ಅಂಟಿಸಿ ಆಡಿಸಿದ್ದ. ಚೆಂಡು ಎಲ್ಲಾದರೂ ಹೋಗಲಿ, ಅವನ ಕಣ್ಣು ಅವಳ ಮಣಿಕಟ್ಟಿನ ಮೇಲೆ. ಅಲ್ಲಿಂದ ಮೆಲ್ಲಗೆ ಮುಖಕ್ಕೆ ಏರಿದಾಗ ಸರ್ವ್ ಯಾರದೆಂದು ಇಬ್ಬರಿಗೂ ಮರೆತುಹೋಗುತ್ತಿತ್ತು.

ಅವಳು ಕೇಳಿದ್ದು ಅಡಿಯಲ್ಲಿ ದಪ್ಪ ಸ್ಪಾಂಜಿರುವ, ಚೆಂಡನ್ನು ವೇಗವಾಗಿ ಚಿಮ್ಮಿಸುವ ರಬ್ಬರ್. ಅವನು ಕೊಟ್ಟಿದ್ದು ತೆಳು ಸ್ಪಾಂಜಿನ, ನಿಧಾನದ್ದು.

"ನೀವು ಹೊಡೆದು ಗೆಲ್ಲೋರಲ್ಲ. ದೂರ ನಿಂತು, ಚೆಂಡನ್ನ ಅಡಿಯಿಂದ ಸವರಿ ಕಟ್ ಮಾಡಿ ವಾಪಸ್ ಕಳಿಸಿ, ಎದುರಿನವರನ್ನ ಸುಸ್ತು ಮಾಡೋರು. ನಿಮಗೆ ವೇಗಕ್ಕಿಂತ ಹಿಡಿತ ಮುಖ್ಯ" ಅಂದಿದ್ದ. ಅವಳು ನಂಬಿದ್ದಳು. ಈಗ ಆ ನಂಬಿಕೆಯೇ ಮುಳ್ಳಾಗಿತ್ತು.

"ತಂಗಿ ಗೆಲ್ಲಲಿ ಅಂತ ನನಗೆ ನಿಧಾನದ್ದು ಅಂಟಿಸಿದ್ರಾ?"

ಅವನ ಕಿವಿ ಕೆಂಪಾಯಿತು. "ಅವಳು ನನ್ನ ತಂಗಿ ಅಂತ ಹೇಳಿದ್ರೆ ನೀವು ಇತ್ತ ಬರ್ತಾನೇ ಇರ್ಲಿಲ್ಲ."

"ಅಂದ್ರೆ ಬೇಕಂತಲೇ ಮುಚ್ಚಿಟ್ರಿ."

"ಹೂಂ. ಇನ್ನೊಂದೂ ಮುಚ್ಚಿಟ್ಟಿದ್ದೀನಿ. ಈ ರಬ್ಬರ್ ನಿಮಗೆ ಸರಿ ಅಂತ ಮೊದಲನೇ ದಿನವೇ ಗೊತ್ತಾಗಿತ್ತು."

"ಮತ್ತೆ ಮಿಕ್ಕಿದ್ದನ್ನೆಲ್ಲ ಯಾಕೆ ಆಡಿಸಿದ್ರಿ?"

"ನೀವು ಬರ್ತಾನೇ ಇರ್ಬೇಕು ಅಂತ."

ಅವಳು ಕಣ್ಣು ಕಿರಿದಾಗಿಸಿ ಅವನನ್ನೇ ನೋಡಿದಳು. ಬೆಣ್ಣೆ ಹಚ್ಚುತ್ತಿದ್ದಾನೆಯೇ? ಸಿಕ್ಕಿಬಿದ್ದವರು ಹೀಗೇ ಅಲ್ಲವೇ ಮಾತಾಡುವುದು?

ಅವನು ದಪ್ಪ ಸ್ಪಾಂಜಿನ ರಬ್ಬರನ್ನು ಅವಳ ಮುಂದಿಟ್ಟ. "ನಂಬಿಕೆ ಇಲ್ಲಾಂದ್ರೆ ಈಗಲೇ ಬದಲಾಯಿಸಿ ಕೊಡ್ತೀನಿ."

ಅಷ್ಟರಲ್ಲಿ ಬಾಗಿಲು ದಡಾರನೆ ತೆರೆಯಿತು. ಒಳಗೆ ನುಗ್ಗಿದವಳು ಅವನ ತಂಗಿ.

"ಅಣ್ಣಾ, ಕೊನೇ ಸಲ ಕೇಳ್ತಿದ್ದೀನಿ. ನಾಳೆ ನನ್ನೆದುರು ಆಡೋಳಿಗೆ ಯಾವ ರಬ್ಬರ್ ಹಾಕಿಕೊಟ್ಟಿದ್ದೀಯ?" ಎನ್ನುತ್ತಲೇ ಕೌಂಟರ್ ಬಳಿ ನಿಂತಿದ್ದವಳನ್ನು ಕಂಡು ನಾಲಿಗೆ ಕಚ್ಚಿಕೊಂಡಳು. ಆಮೇಲೆ ಸೊಂಟದ ಮೇಲೆ ಕೈಯಿಟ್ಟಳು. "ಓಹೋ, ನೀವೇನಾ! ಮನೇಲಿ ಎಷ್ಟು ಗೋಗರೆದರೂ ಇವನು ತುಟಿ ಬಿಚ್ಚಲ್ಲ. ಒಡಹುಟ್ಟಿದ ತಂಗಿಗೇ ದ್ರೋಹ ಮಾಡ್ತಿದ್ದಾನೆ!"

ಅವನು ತಲೆ ತಗ್ಗಿಸಿ ಅಂಟಿನ ಡಬ್ಬಿಯ ಮುಚ್ಚಳ ತಿರುವುತ್ತ ನಿಂತ. ಬ್ಯಾಟ್ ತಂದವಳು ಕೌಂಟರ್ ಮೇಲಿದ್ದ ದಪ್ಪ ರಬ್ಬರನ್ನು ಬೆರಳ ತುದಿಯಿಂದ ಅವನತ್ತ ಸರಿಸಿದಳು.

"ಇದು ಬೇಡ" ಎಂದಳು. ದನಿಯಲ್ಲಿ ಮೊದಲಿನ ಬಿರುಸು ಇರಲಿಲ್ಲ.

ಮರುದಿನ ಅವಳು ದೂರ ನಿಂತು, ಅವನ ತಂಗಿಯ ಸ್ಮ್ಯಾಷ್‌ಗಳನ್ನೆಲ್ಲ ತಾಳ್ಮೆಯಿಂದ ಹಿಂದಕ್ಕೆ ಕಳಿಸಿದಳು. ಆ ಹುಡುಗಿ ಏದುಸಿರು ಬಿಡುವಂತಾಯಿತು. ಕೊನೆಯ ಗೇಮ್‌ನಲ್ಲಿ ಮಾತ್ರ ಗೆಲುವು ಹತ್ತಿರ ಕಂಡು ದೂರ ನಿಂತಿದ್ದವಳಿಗೆ ಆಸೆ ಹುಟ್ಟಿತು. ಮುಂದೆ ನುಗ್ಗಿ ಬೀಸಿದಳು. ಚೆಂಡು ಟೇಬಲ್ ದಾಟಿ ಹೊರಗೆ ಬಿತ್ತು.

ಗೆದ್ದ ತಂಗಿ ಓಡಿಬಂದು ಅವಳನ್ನು ಅಪ್ಪಿಕೊಂಡಳು. "ತೋಳೇ ಬಿದ್ದುಹೋಯ್ತು ಅತ್ತಿಗೆ!" ಎಂದು ಕಿವಿಯಲ್ಲಿ ಉಸುರಿ, ಬೈಸಿಕೊಳ್ಳುವ ಮೊದಲೇ ಮಾಯವಾದಳು.

ಆಟದ ಹಾಲ್‌ನ ಬಾಗಿಲ ಬಳಿ ನಿಂತಿದ್ದ ಅವನಿಗೆ ನಗಬೇಕೋ ಸಮಾಧಾನ ಹೇಳಬೇಕೋ ತಿಳಿಯಲಿಲ್ಲ.

"ರಬ್ಬರ್ ಸರಿಯಾಗೇ ಇತ್ತು. ನಾನೇ ಆತುರಪಟ್ಟೆ" ಎಂದಳು ಅವಳು.

"ನಾಳೆ ಸಂಜೆ ಬರ್ತೀರಾ?"

ಅವಳು ಅನುಮಾನದಿಂದ ಹುಬ್ಬೇರಿಸಿದಳು. "ರಬ್ಬರ್ ನೋಡೋಕಾ?"

"ಅಲ್ಲ."

"ಹಾಗಾದ್ರೆ ಬರ್ತೀನಿ."