ಅಪ್ಪನ ಎಡಗಿವಿ

ಎಮ್ಮೆದೊಡ್ಡಿ ಕಾವಲಿನಲ್ಲಿ ದನ ಕಾಯುತ್ತಿದ್ದ ನಮ್ಮಪ್ಪ ಕಲ್ಲಪ್ಪ ಕೂತರೆ ಸಾಕು, ಚೆಲುವಿ ಹಸು ಬಂದು ಅವನ ಎಡಗಿವಿ ನೆಕ್ಕುತ್ತಿತ್ತು. ಹಸು ಸತ್ತ ತಿಂಗಳಿಗೆ ಅಪ್ಪನೂ ಹೋದ. ಅವನನ್ನು ಮನೆಯಲ್ಲೇ ಉಳಿಸಿಕೊಳ್ಳಬೇಕೆಂದು ಚಿತೆಯ ಬೂದಿಯನ್ನು ಕೆರೆಮಣ್ಣಿಗೆ ಕಲಸಿ ಅವನ ಮುಖ ಮಾಡಿದೆ, ಕೋಣೆಗೆ ಬೀಗ ಹಾಕಿದೆ. ಬೆಳಗ್ಗೆ ಎಡಗಿವಿ ಸವೆದು ಒದ್ದೆಯಾಗಿತ್ತು. ಮುಟ್ಟಿದರೆ ಬೆಚ್ಚಗಿತ್ತು, ಹಸಿ ಹುಲ್ಲಿನ ವಾಸನೆ ಬರುತ್ತಿತ್ತು.

"ಅದನ್ನ ಹೊಳೆಗೆ ಬಿಟ್ಟು ಬಾರೇ ಅನಿತಾ. ನಿಂದೂ ನಿಮ್ಮಪ್ಪಂದೇ ಹಟ ಕಣೇ," ಅಂದಳು ಅವ್ವ.

"ಚೆಲುವಿ ನೆಕ್ಕಲಿ ಬಿಡವ್ವ, ನಾನು ಮತ್ತೆ ಮಾಡ್ತೀನಿ. ಯಾರು ಸೋಲ್ತಾರೋ ನೋಡಾಣ."

ಉಳಿದ ಬೂದಿ ಕಲಸಿ ಮೂರು ಸಲ ಆ ಕಿವಿಯೊಂದನ್ನೇ ಮಾಡಿದೆ, ಮೂರು ಸಲವೂ ಸವೆಯಿತು. ಬೂದಿ ಮುಗಿಯಿತು. ನಾಲ್ಕನೆಯ ಸಲ ಬರೀ ಮಣ್ಣಿನಲ್ಲೇ ಎಡಗಿವಿ ಮಾಡಿದೆ. ಅವ್ವನಿಗೂ ಹೇಳಲಿಲ್ಲ.

ಬೆಳಗ್ಗೆ ಅದು ಒಣಗಿ ಹಾಗೇ ಇತ್ತು. ಬಲಗಿವಿ ಒದ್ದೆಯಾಗಿತ್ತು.