ಯಜಮಾನರ ಇಂಜಿನ್

ತಪ್ಪು ಆದದ್ದು ಒಂದೇ ಒಂದು ‘ಹೂಂ’ನಿಂದ.

ವಿಜಯನಗರದ ಆ ಮೂರಂತಸ್ತಿನ ಮನೆಯ ತಾರಸಿ ಹತ್ತಿ, ಶೀಟು ಹೊದಿಸಿದ ಕೋಣೆಯ ಬಾಗಿಲಲ್ಲಿ ನೀಲಾಂಬಿಕಾ ನಿಂತಾಗ ಲಕ್ಷ್ಮೀಪತಿ ಬೆನ್ನು ತಿರುಗಿಸಿ ಕೂತಿದ್ದ. ವಾರವೆಲ್ಲ ರಾಜಾಜಿನಗರದ ಪಂಪ್ ಕಾರ್ಖಾನೆಯೊಂದರಲ್ಲಿ ಅವನ ದುಡಿಮೆ. ಭಾನುವಾರ ಮಾತ್ರ ಈ ಕೋಣೆ, ಮಾಡೆಲ್ ವಿಮಾನಗಳ ಅಂಗೈಯಗಲದ ಇಂಜಿನ್‌ಗಳ ರಿಪೇರಿ. ಅವಳು ಕರ್ಚೀಫಿನಲ್ಲಿ ಸುತ್ತಿ ತಂದಿದ್ದ ಇಂಜಿನ್ನನ್ನು ಮೇಜಿನ ಮೇಲಿಟ್ಟಳು.

“ಏನ್ ತೊಂದ್ರೆ?”

“ಚಾಲೂ ಆಗ್ತೈತ್ರಿ. ಒಂದ್ ನಿಮಿಷ ಚಲೋ ಓಡ್ತೈತಿ. ಆಮ್ಯಾಲೆ ಧ್ವನಿ ಇಳಕೋತ ಇಳಕೋತ ನಿಂತ ಬಿಡ್ತೈತಿ.”

ಅವನು ಇಂಜಿನ್ನಿನ ಮೂತಿಯನ್ನು ಬೆರಳಿಂದ ಒಂದು ಸುತ್ತು ತಿರುಗಿಸಿದ. ಹಲ್ಲುಕಡಿದಂಥ ಸದ್ದು. “ಫ್ಯೂಯೆಲ್‌ನಲ್ಲಿ ಎಣ್ಣೆ ಎಷ್ಟು?”

“ಹತ್ತು ಪರ್ಸೆಂಟ್‌ರಿ.”

“ಹತ್ತಾ!” ಅವನು ನಿಜವಾಗಿಯೂ ನೊಂದುಕೊಂಡ. “ಇದು ಹಳೇ ಕಾಲದ ಇಂಜಿನ್ ಮೇಡಮ್. ಒಳಗೆ ಬೇರಿಂಗೇ ಇಲ್ಲ, ಬರೀ ಕಂಚಿನ ಬುಷ್. ಎಣ್ಣೆ ಸಾಲದೆ ಬಿಸಿಯಾಗಿ ಕಚ್ಕೊಳ್ತಾ ಇದೆ. ಇದಕ್ಕೆ ಇಪ್ಪತ್ತೆರಡಾದ್ರೂ ಬೇಕು. ಅದರಲ್ಲಿ ಅರ್ಧ ಹರಳೆಣ್ಣೆ.” ಆಮೇಲೆ ಮೊದಲ ಸಲ ತಲೆಯೆತ್ತಿ ನೋಡಿದ. ದುಪಟ್ಟಾದ ಅಂಚಿನಲ್ಲಿ ಇಣುಕಿದ ಕಪ್ಪು ದಾರದ ಮೇಲೆ ಅವನ ಕಣ್ಣು ಅರೆಗಳಿಗೆ ನಿಂತು, ಸಂಕೋಚದಿಂದ ಕೆಳಗಿಳಿಯಿತು. “ನಿಮ್ಮ ಯಜಮಾನ್ರಿಗೆ ಹೇಳಿ, ಪವರ್ ಆಸೆಗೆ ಎಣ್ಣೆ ಕಮ್ಮಿ ಮಾಡ್ಬಾರ್ದು ಅಂತ.”

“ಹೂಂ” ಎಂದಳು ನೀಲಾಂಬಿಕಾ.

ಅದು ಒಪ್ಪಿಗೆಯ ಹೂಂ ಆಗಿರಲಿಲ್ಲ. ಲಕ್ಷ್ಮೇಶ್ವರದ ಮಠದ ಕಟ್ಟೆಯ ಮೇಲೆ ಅವಳ ಅಜ್ಜ ಪುರಾಣ ಓದುತ್ತಿದ್ದಾಗ ಪದ್ಯ ಪದ್ಯಕ್ಕೂ ಹೂಂಗುಡುವ ಕೆಲಸ ಈ ಮೊಮ್ಮಗಳದು. ಹೂಂ ಎಂದರೆ ಕೇಳುತ್ತಿದ್ದೇನೆ, ಮುಂದೆ ಹೇಳು ಎಂದಷ್ಟೇ. ಮೂವತ್ತೊಂದು ವರ್ಷವಾದರೂ, ಬಸವೇಶ್ವರನಗರದ ಕಾಲೇಜಿನಲ್ಲಿ ಐದು ವರ್ಷದಿಂದ ಫಿಸಿಕ್ಸ್ ಕಲಿಸುತ್ತಿದ್ದರೂ, ಆ ಅಭ್ಯಾಸ ಬಿಟ್ಟಿರಲಿಲ್ಲ. ಕತ್ತಿನ ದಾರದಲ್ಲಿದ್ದದ್ದು ಕರಿಮಣಿಯೂ ಅಲ್ಲ, ಪುಟ್ಟ ಬೆಳ್ಳಿಯ ಕರಡಿಗೆಯೊಳಗಿನ ಇಷ್ಟಲಿಂಗ. ಯಜಮಾನನೆಂಬವನು ಭೂಮಿಯ ಮೇಲೆಲ್ಲೂ ಇರಲಿಲ್ಲ. ಬಾಡಿಗೆ ಕೋಣೆಯಲ್ಲಿ ರಾತ್ರಿ ಹಗಲು ಬಾಲ್ಸಾ ಎಂಬ ಹಗುರ ಮರದ ಕಡ್ಡಿ ಅಂಟಿಸಿ ಈ ಇಂಜಿನ್ನಿನ ವಿಮಾನ ಕಟ್ಟಿದವಳು ಅವಳೇ.

ತಿದ್ದಬಹುದಿತ್ತು. ಆದರೆ ‘ಹೆಂಗಸಿಗೇಕೆ ಇಂಜಿನ್’ ಎಂಬಂತೆ ಹೊರಟ ಆ ಯಜಮಾನರೆಂಬ ಮಾತು ಅವಳನ್ನು ಸಣ್ಣಗೆ ಚುಚ್ಚಿತ್ತು. ‘ಇರಲಿ, ಗುರುತು ಪರಿಚಯವಿಲ್ಲದ ತಾರಸಿ, ಒಬ್ಬ ಯಜಮಾನ ಇದ್ದರೆ ಒಳ್ಳೆಯದೇ’ ಎಂದುಕೊಂಡು ಇಳಿದು ಹೋದಳು.

ಮುಂದಿನ ಭಾನುವಾರ ಮತ್ತೆ ಬಂದಳು.

“ಈಗ ನೆಟ್ಟಗ ಓಡ್ತೈತ್ರಿ. ಆದ್ರ ವಿಮಾನದ ಮೂತಿ ಮ್ಯಾಲಕ್ಕೆತ್ತಿ ಹಿಡದ್ರ ಧ್ವನಿ ಸಣ್ಣಗಾಗಿ ಏರ್ತೈತಿ. ಪದಾ ಹಾಡೋರ ಗಂಟಲಾ ನಡುವ ಆರಿದಂಗ.”

ಸ್ಕ್ರೂಡ್ರೈವರ್ ಹಿಡಿದ ಅವನ ಕೈ ನಿಂತಿತು. “ಹಂಗಂತ ಯಜಮಾನ್ರು ಹೇಳಿದ್ರಾ?”

“...ಹೂಂ.”

ಅವನು ಇಂಧನದ ಪೈಪನ್ನು ನೀರಿನ ಬಟ್ಟಲಲ್ಲಿ ಅದ್ದಿ ಒಂದು ತುದಿಯಿಂದ ಊದಿದ. ಪೈಪಿನ ಮಧ್ಯದಿಂದ ಸಾಸಿವೆಯಷ್ಟು ಚಿಕ್ಕ ಗುಳ್ಳೆಗಳು ಒಂದರ ಹಿಂದೊಂದು ಮೇಲೆ ಬಂದವು. “ನೋಡಿ, ಸೂಜಿ ಚುಚ್ಚಿದಷ್ಟು ತೂತು. ಇಲ್ಲಿಂದ ಗಾಳಿ ಕುಡೀತಾ ಇದೆ. ಎಂಥಾ ಕಿವಿ ರೀ ಅವರದ್ದು! ಹದಿನೈದು ವರ್ಷ ಆಯ್ತು ನಾನು ಈ ಕೆಲಸ ಮಾಡ್ತಾ, ಒಬ್ಬರೂ ಹೀಗೆ ಕೇಳಿಸಿಕೊಂಡು ಬಂದು ಹೇಳಿಲ್ಲ.”

ನೀಲಾಂಬಿಕಾಳ ಕೆನ್ನೆ ಬಿಸಿಯಾಯಿತು. ಇಲ್ಲದ ಗಂಡನ ಹೆಸರಿನಲ್ಲಿ ಬಂದ ಹೊಗಳಿಕೆಗೆ ನಾಚುವುದೋ, ಹೊಟ್ಟೆಕಿಚ್ಚು ಪಡುವುದೋ ತಿಳಿಯಲಿಲ್ಲ.

ಮೂರನೇ ವಾರ ಅವಳು ಭಯಕ್ಕೆ ಎಣ್ಣೆಯನ್ನು ಮೂವತ್ತಕ್ಕೆ ಏರಿಸಿಬಿಟ್ಟಿದ್ದಳು. ಇಂಜಿನ್ ಉಗುಳಿ ಉಗುಳಿ ಹೊಗೆ ಬಿಟ್ಟಿತ್ತು, ಇಂಧನ ಹೊತ್ತಿಸುವ ಗ್ಲೋ ಪ್ಲಗ್ ತೊಯ್ದು ಜಿಡ್ಡು ಹಿಡಿದಿತ್ತು. ಲಕ್ಷ್ಮೀಪತಿ ಮುಚ್ಚಳ ತೆಗೆದವನೇ ನಕ್ಕುಬಿಟ್ಟ.

“ಯಜಮಾನ್ರು ಇದಕ್ಕೆ ಎಣ್ಣೆ ಸ್ನಾನ ಮಾಡಿಸಿದಾರೆ. ದೀಪಾವಳಿ ಇನ್ನೂ ದೂರ ಇದೆ ಅಂತ ಹೇಳಿ.”

“ಹೇಳ್ತೀನ್ರಿ. ಸಿಟ್ಟಿಗೇಳ್ತಾರ ಅವ್ರು.”

“ಸಿಟ್ಟು ಜಾಸ್ತೀನಾ?”

“ಮಾತs ಆಡಂಗಿಲ್ಲ. ಒಳಗ ಕುದಿತಾರ.”

“ಪಾಪ, ನೀವು ಹೆಂಗೆ ಸಂಭಾಳಿಸ್ತೀರಾ?”

“ರೂಢಿ ಆಗೇತ್ರಿ” ಎಂದು ಅವಳು ತುಟಿ ಕಚ್ಚಿ ನಗು ನುಂಗಿದಳು.

ಇಂಜಿನ್ನನ್ನು ಹಲಗೆಗೆ ಬಿಗಿದು ಅವನು ಚಾಲೂ ಮಾಡಿದ. ಅವಳು ಕಣ್ಣು ಮುಚ್ಚಿಕೊಂಡಳು. ಸದ್ದು ಮೊದಲು ಒರಟಾಗಿ, ತೊದಲುತ್ತ, ಆಮೇಲೆ ಒಂದೇ ಎಳೆಯಾಯಿತು. ‘ಇನ್ನೊಂದ್ ಚೂರು’ ಎನ್ನುವಂತೆ ಅವಳ ಬೆರಳು ತಾನಾಗಿ ಅಲುಗಿತು. ಅವನು ಇಂಧನದ ಹರಿವು ಹಿಡಿಯುವ ನೀಡಲ್ ತಿರುಪನ್ನು ಅಷ್ಟೇ ತಿರುಗಿಸಿದ. ಕಣ್ಣು ಬಿಟ್ಟಾಗ ಲಕ್ಷ್ಮೀಪತಿಯ ದೃಷ್ಟಿ ಇಂಜಿನ್ ಮೇಲಿರಲಿಲ್ಲ. ಸಿಕ್ಕಿಬಿದ್ದವನಂತೆ ಅವನು ಮೊದಲೇ ಬಿಗಿಯಾಗಿದ್ದ ಸ್ಕ್ರೂ ಒಂದನ್ನು ಮತ್ತೆ ಬಿಗಿಯತೊಡಗಿದ.

ಆಮೇಲೆ ಇಂಜಿನ್ ಕೆಡಲಿಲ್ಲ. ಕೆಡದಿದ್ದರೂ ಅವಳು ಬಂದಳು. ಹರಳೆಣ್ಣೆ ಅರ್ಧ ಸಾಕೇ, ಮುಕ್ಕಾಲು ಹಾಕಲೇ. ಚಳಿಗೆ ಬೇರೆ ಲೆಕ್ಕವೇ. ಹಾರಿಸಿ ಎತ್ತಿಡುವ ಮುಂಚೆ ಒಳಗಿನ ಎಣ್ಣೆ ಅಂಟಾಗದಂತೆ ಏನು ಮಾಡಬೇಕು — ಯಜಮಾನರ ಪ್ರಶ್ನೆಗಳಿಗೆ ಕೊನೆಯೇ ಇರಲಿಲ್ಲ. ಅವನ ತಾಯಿ ಚಿಕ್ಕಲಕ್ಷ್ಮಮ್ಮ ಕಾಫಿ ತಂದಿಟ್ಟು, ಅವಳ ಬರಿಗಾಲನ್ನು ಒಮ್ಮೆ ನೋಡಿ, ಏನೂ ಕೇಳದೆ ಇಳಿದು ಹೋಗುತ್ತಿದ್ದರು.

ಆರನೇ ಭಾನುವಾರ ಲಕ್ಷ್ಮೀಪತಿ ಅವಳನ್ನು ಕೂರಲು ಹೇಳಲಿಲ್ಲ. ಕೈ ಒರೆಸಿದ ಬಟ್ಟೆಯನ್ನೇ ಮಡಿಸುತ್ತ, ಬಿಚ್ಚುತ್ತ ನಿಂತಿದ್ದ.

“ಇನ್ಮೇಲೆ ಅವರನ್ನೇ ಕಳಿಸಿ ಮೇಡಮ್. ನೀವು ಬರ್ಬೇಡಿ.”

“ಯಾಕ್ರಿ? ಏನ್ ತಪ್ಪಾತು?”

“ನಿಮ್ಮದೇನಿಲ್ಲ, ನಂದು.” ಅವನು ಕಿಟಕಿಯಾಚೆಯ ನೀರಿನ ಟ್ಯಾಂಕನ್ನು ನೋಡುತ್ತ ಹೇಳಿದ, “ಭಾನುವಾರ ಬಂತು ಅಂದ್ರೆ ನಾನು ಬೆಳಗ್ಗೆ ಎದ್ದ ತಕ್ಷಣ ಶೇವ್ ಮಾಡ್ಕೋತಾ ಇದೀನಿ. ರಿಪೇರಿ ಮಾಡೋನಿಗೆ ಅದೆಲ್ಲ ಯಾಕೆ? ಇನ್ನೊಬ್ಬರ ಮನೆಯವರನ್ನ ಕಾಯ್ಕೊಂಡು ಕೂರೋದು ಸರಿಯಲ್ಲ.”

ಅವಳು ಬಾಗಿಲವರೆಗೆ ಹೋಗಿ ತಿರುಗಿ ನಿಂತಳು. ಬಾಯಿಂದ ಇಷ್ಟೇ ಬಂತು: “ಬರೋ ಭಾನುವಾರ ಮಲ್ಲತ್ತಹಳ್ಳಿ ಕೆರಿ ಆಚಿಗೆ, ಖಾಲಿ ಲೇಔಟ್‌ನ್ಯಾಗ ಹಾರಸ್ತೀವ್ರಿ. ಒಮ್ಮೆ ಬರ್ರಿ. ಅವ್ರನ್ನ ನೋಡ್ರಿ.”

ಮೆಟ್ಟಿಲ ತಿರುವಿನಲ್ಲಿ ಚಿಕ್ಕಲಕ್ಷ್ಮಮ್ಮ ಅವಳ ಕೈ ಹಿಡಿದು ನಿಲ್ಲಿಸಿದರು. “ಕಾಲುಂಗುರ ಇಲ್ಲ. ದಾರದಲ್ಲಿರೋದು ಲಿಂಗ. ನನಗೆ ಮೊದಲ ದಿನಾನೇ ಗೊತ್ತು ಕಣಮ್ಮ.”

“ಮತ್ತ... ಅವ್ರಿಗೆ ಯಾಕ ಹೇಳ್ಲಿಲ್ರಿ?”

“ನಾನು ಹೇಳಿದ್ರೆ ತಾಯಿ ಹುಡುಗಿ ತೋರಿಸಿದ ಹಾಗಾಗುತ್ತೆ. ನೀನೇ ಹೇಳು. ಬೇಗ ಹೇಳು, ಅವನು ಒಂದನ್ನ ಮನಸ್ಸಿಂದ ತೆಗೆದಿಟ್ಟ ಅಂದ್ರೆ ಮತ್ತೆ ಮುಟ್ಟೋನಲ್ಲ.”

ಭಾನುವಾರ ಬೆಳಗ್ಗೆ ಅಂಗೈಯಲ್ಲಿ ಲಿಂಗವಿಟ್ಟುಕೊಂಡು ಕೂತಾಗ, ಎಂದೂ ಏನೂ ಬೇಡದ ನೀಲಾಂಬಿಕಾ ಅಂದು ಬೇಡಿಕೊಂಡಳು. ಅವನನ್ನಲ್ಲ, ನಿಜ ಹೇಳುವ ಒಂದು ಗಂಟಲನ್ನು.

ಲೇಔಟಿನಲ್ಲಿ ಸೈಟು ಕಲ್ಲುಗಳ ನಡುವೆ ಹುಲ್ಲು ಮೊಣಕಾಲುದ್ದ ಬೆಳೆದಿತ್ತು. ಡಾಂಬರು ರಸ್ತೆ ಖಾಲಿಯಾಗಿ ಬಿಸಿಲು ಕಾಯುತ್ತ ಬಿದ್ದಿತ್ತು. ಸ್ಕೂಟರ್ ನಿಲ್ಲಿಸಿ ಲಕ್ಷ್ಮೀಪತಿ ಬಂದ. ಅವನು ಶೇವ್ ಮಾಡಿರಲಿಲ್ಲ. ಅದನ್ನು ನೋಡಿ ಅವಳಿಗೆ ಅಳು ಬಂದಂತಾಯಿತು.

“ಎಲ್ಲಿ ಅವರು?”

ಅವಳು ಕುಕ್ಕರುಗಾಲಲ್ಲಿ ಕೂತು ಪ್ಲಗ್‌ಗೆ ಬ್ಯಾಟರಿ ಸಿಕ್ಕಿಸಿದಳು, ಕೋಲಿನಿಂದ ಪ್ರೊಪೆಲ್ಲರ್ ಹೊಡೆದಳು. ಇಂಜಿನ್ ಹತ್ತಿಕೊಂಡಿತು. ವಿಮಾನದ ಮೂತಿಯನ್ನು ಆಕಾಶಕ್ಕೆತ್ತಿ, ಕಣ್ಣು ಮುಚ್ಚಿ, ತಲೆ ಓರೆ ಮಾಡಿ ಕೇಳಿದಳು. ನೀಡಲ್ ಒಂದು ಕ್ಲಿಕ್ ಹಿಂದಕ್ಕೆ. ಮತ್ತೆ ಕೇಳಿದಳು. ಸಾಕು. ಅದನ್ನು ನೆಲಕ್ಕಿಟ್ಟು ರಿಮೋಟ್ ಕೈಗೆತ್ತಿಕೊಂಡಳು. ರಸ್ತೆಯ ಮೇಲೆ ಓಡಿದ ಹಳದಿ ರೆಕ್ಕೆಯ ವಿಮಾನ ಹುಲ್ಲಿಗಿಂತ ಮೇಲೇರಿತು, ಕಂಬಗಳಿಗಿಂತ ಮೇಲೇರಿತು.

ಈಗ ಅವಳು ಅವನ ಮುಖ ನೋಡುವಂತಿರಲಿಲ್ಲ. ಕಣ್ಣು ಆಕಾಶದಲ್ಲೇ ಇರಬೇಕಿತ್ತು. ಅದೇ ಒಳ್ಳೆಯದಾಯಿತು.

“ಯಜಮಾನ್ರು ಇಲ್ರಿ.”

“ಬರ್ಲಿಲ್ವಾ?”

“ಇಲ್ಲs ಇಲ್ಲ. ಎಂದೂ ಇದ್ದಿಲ್ಲ. ಎಣ್ಣಿ ಕಡಿಮಿ ಹಾಕಿದಾಕಿ ನಾನು, ಹೆಚ್ಚು ಹಾಕಿದಾಕಿನೂ ನಾನು. ಧ್ವನಿ ಕೇಳಿದಾಕಿ ನಾನು. ಮೊದಲ ದಿನಾ ಹೂಂ ಅಂದೆ. ಆಮ್ಯಾಲೆ ಹೂಂ ಅನ್ನೋದು ಬಿಡಾಕ ಆಗ್ಲಿಲ್ಲ.”

ವಿಮಾನ ಒಂದು ಸುತ್ತು ಹಾಕಿತು. ಎರಡು ಹಾಕಿತು.

“ಆರು ವಾರ,” ಎಂದ ಕೊನೆಗೆ. ಅವನ ದನಿ ಗಡುಸಾಗಿತ್ತು. “ಆರು ವಾರ ನಾನು ಒಂದು ಮನೆ ಒಡೀತಾ ಇದೀನೇನೋ ಅಂತ ನಿದ್ದೆ ಮಾಡಿಲ್ಲ. ನಿಮಗದು ತಮಾಷೆ ಆಯ್ತಾ?”

“ಮೊದಲ್ನೇ ವಾರ ಸಿಟ್ಟಾತು. ಎರಡ್ನೇ ವಾರ ತಮಾಷಿ ಆತು. ಆಮ್ಯಾಲೆ ಅಂಜಿಕಿ. ನಿಜಾ ಹೇಳಿದ್ರ ನೀವು ಮಾತಾಡೋದು ಬಿಟ್ಟಗಿಟ್ಟೀರಿ ಅಂತ.”

ಹುಲ್ಲು ತುಳಿದು ಅವನು ದೂರ ಸರಿಯುತ್ತಿರುವುದು ಕೇಳಿಸಿತು. ಅವಳು ತಿರುಗುವಂತಿರಲಿಲ್ಲ. ಅಷ್ಟರಲ್ಲಿ ಟ್ಯಾಂಕಿನ ಇಂಧನ ಮುಗಿದು ಇಂಜಿನ್ ಮೇಲೆಯೇ ನಿಂತಿತು. ಅಷ್ಟು ದೊಡ್ಡ ಆಕಾಶದಲ್ಲಿ ಸದ್ದೇ ಇಲ್ಲ. ಅವಳು ವಿಮಾನವನ್ನು ಗಾಳಿಯ ಮೇಲೆ ಜಾರಿಸುತ್ತ ಜಾರಿಸುತ್ತ ತಂದು ದೂರದ ಹುಲ್ಲಿನಲ್ಲಿ ಮಲಗಿಸಿದಳು. ಆಮೇಲೆ ತಿರುಗಿದಳು. ಸ್ಕೂಟರ್ ಅಲ್ಲೇ ಇತ್ತು. ಅವನು ಇರಲಿಲ್ಲ.

ಹುಲ್ಲಿನ ಆ ಬದಿಯಿಂದ ಅವನು ವಿಮಾನವನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಬರುತ್ತಿದ್ದ. ಪ್ಯಾಂಟಿಗೆಲ್ಲ ಮುಳ್ಳುಬೀಜ ಮೆತ್ತಿಕೊಂಡಿತ್ತು. ಹತ್ತಿರ ಬಂದು ರೆಕ್ಕೆಯ ಮೇಲಿನ ಎಣ್ಣೆಯನ್ನು ಬೆರಳಿಂದ ಒರೆಸಿ ನೋಡಿದ.

“ಬಣ್ಣ ಸರಿಯಾಗಿದೆ. ಕಪ್ಪಿಲ್ಲ,” ಎಂದ. “ಅವರ ಕಿವಿ ಕಂಡು ನನಗೆ ಎಷ್ಟು ಹೊಟ್ಟೆಕಿಚ್ಚಿತ್ತು ಗೊತ್ತಾ? ಇಂಥಾ ಮನುಷ್ಯನ ಎದುರು ನಾನ್ಯಾವ ಲೆಕ್ಕ ಅಂತ.”

“ಈಗ?”

“ಈಗ ಇನ್ನೂ ಭಯ. ನಾನು ಸುಳ್ಳು ನಕ್ಕರೂ ನಿಮಗೆ ಕೇಳಿಸಿಬಿಡುತ್ತೆ.”

ಅವಳು ನಕ್ಕಳು. ನಗು ಮುಗಿಯುವ ಮೊದಲೇ, ಧೈರ್ಯ ಆರಿಹೋಗುವ ಮೊದಲೇ ಹೇಳಿದಳು: “ನನಗ ನೀವು ಬೇಕ್ರಿ. ರಿಪೇರಿಗಲ್ಲ.”

ಲಕ್ಷ್ಮೀಪತಿ ವಿಮಾನ ಹಿಡಿದುಕೊಂಡೇ ಪಕ್ಕದ ಸೈಟು ಕಲ್ಲಿನ ಮೇಲೆ ಕುಸಿದು ಕೂತ. ಕಿವಿಯ ತುದಿಯವರೆಗೂ ಕೆಂಪಾಗಿದ್ದ.

“ಇನ್ನೊಂದ್ ಸಲ ಹೇಳಿ.”

“ಇಂಥಾವು ಎರಡೆರಡು ಸಲ ಹೇಳ್ತಾರೇನ್ರಿ?”

“ನಿಮಗಿದ್ದಂಥ ಕಿವಿ ನನಗಿಲ್ಲ.”

ಅವಳು ಅವನ ಎದುರಿಗೆ ಹುಲ್ಲಿನಲ್ಲಿ ಕೂತು, ಅವನ ಪ್ಯಾಂಟಿನ ಮುಳ್ಳುಬೀಜಗಳನ್ನು ಒಂದೊಂದಾಗಿ ಕೀಳುತ್ತ, ಬಿಡಿಸಿ ಬಿಡಿಸಿ, ಇನ್ನೊಂದು ಸಲ ಹೇಳಿದಳು.