ಹೊಗೆಗುಂಡಿಯ ಹೊಸ ಬೂದಿ

ಕಾದ ಕಾವಲಿಯ ಮೇಲೆ ಜೋಳದ ಹಿಟ್ಟು ಬಳಿಯುತ್ತಿದ್ದೆ. ಏಳು ಮಂದಿ ಸೈನಿಕರು ನುಗ್ಗಿದರು. ಮೂಟೆ ಮುಟ್ಟಲಿಲ್ಲ, ಮಂಚದಡಿ ಬಗ್ಗಲಿಲ್ಲ. ನೇರ ಹಿತ್ತಲಿಗೆ ಹೋಗಿ ನನ್ನ ಹೊಗೆಗುಂಡಿಯ ಮುಚ್ಚಳ ಎತ್ತಿದರು. ಯುದ್ಧ ನಿಲ್ಲಿಸಿ ಎಂದು ಮುಜಮ್ಮಿಲ್ ಮೇಷ್ಟ್ರು ಬರೆದ ಕರಪತ್ರಗಳನ್ನು ನಾನು ಬಚ್ಚಿಟ್ಟಿದ್ದ ಡಬ್ಬಿ ಸಿಕ್ಕಿತು. ಮುದುಕಿಯೆಂದು ನನ್ನನ್ನು ಬಿಟ್ಟರು, ಅರ್ಧ ಗಂಟೆಯಲ್ಲಿ ಮೇಷ್ಟ್ರನ್ನು ಎಳೆದೊಯ್ದರು.

ಓಮ್‌ದುರ್ಮಾನ್ ನಗರದ ನಮ್ಮ ಓಣಿಗೆ ಗಂಜಿಕೇಂದ್ರ ನಡೆಸುತ್ತಿದ್ದವರು ಅವರು. ಮುದುಕಿಯರಾದ ನಮಗೆ ಅಕ್ಷರ ಕಲಿಸಿದವರು. ಅವರನ್ನು ಬಿಡಿ ಎಂದು ಕಮಾಂಡರಿಗೆ ನಾನೇ ಅರ್ಜಿ ಬರೆದೆ. ಹನ್ನೆರಡು ದಿನವಾದರೂ ಒಂದು ಸಹಿಯೂ ಬೀಳಲಿಲ್ಲ.

"ಚಾಡಿ ಹೇಳಿದ್ದು ಯಾರು ಅಂತ ಗೊತ್ತಾಗ್ಲಿ ಅಜ್ಜಿ" ಎಂದ ದರ್ಜಿ ಬುಷಾರಾ. "ಇಲ್ದಿದ್ರೆ ಅದು ಅರ್ಜಿಯಲ್ಲ, ನಾಳೆ ಹಿಡಿಯೋರ ಪಟ್ಟಿ."

ಎಲ್ಲರ ಅನುಮಾನ ಕತ್ತೆಗಾಡಿಯಲ್ಲಿ ನೀರು ತರುವ ಕೂಕೂ ಮೇಲೆ. ದಿನಾ ಸೈನ್ಯದ ಚೌಕಿ ದಾಟುವವನು ಅವನೊಬ್ಬನೇ.

"ಹೇಳಿದ್ದು ನೀನೇನೋ?" ಎಂದು ಅವನನ್ನೇ ಕೇಳಿದೆ.

"ಹೂಂ, ನನ್ನ ಕತ್ತೇನೂ ಸೇರ್ಕೊಂಡಿದೆ! ಮದ್ವೆಯಾಗಿ ಮೂವತ್ತು ವರ್ಷ, ನನ್ನ ಹೆಂಡ್ತಿ ಗುಂಡಿ ಎಲ್ಲಿದೆ ಅಂತ್ಲೇ ನೋಡಿಲ್ಲ. ನಿಮ್ಮದು ನೋಡ್ತೀನಾ?"

ನಿಜ. ಗಂಡನಿಗಾಗಿ ಹೆಂಗಸರು ಘಮದ ಜಾಲಿ ಕಟ್ಟಿಗೆ ಸುಟ್ಟು ಮೈಗೆ ಹೊಗೆ ಹಿಡಿಸಿಕೊಳ್ಳುವ ಜಾಗವದು. ಗಂಡಸರು ಆ ಕಡೆ ತಲೆ ಹಾಕುವುದಿಲ್ಲ. ಹೆಂಗಸರಿಗೋ, ನಾನು ವಿಧವೆಯಾದ ಮೇಲೆ ಆರು ವರ್ಷದಿಂದ ಅಲ್ಲಿ ಬೆಂಕಿಯಿಲ್ಲವೆಂದು ಗೊತ್ತು. ತೆರೆದು ನೋಡುವವರು ಯಾರು?

* * *

ಗುಂಡಿಯೊಳಗೆ ಕೈಯಿಟ್ಟೆ. ಅರೆಸುಟ್ಟ ಜಾಲಿ ಕಟ್ಟಿಗೆ. ಹೊಸ ಬೂದಿ. ಇನ್ನೂ ಘಮಘಮ.

ಓಣಿಯ ಹೆಂಗಸರ ಗಂಡಂದಿರೆಲ್ಲ ದೂರದೂರಿನಲ್ಲಿದ್ದರು, ಉಳಿದವರು ಮುದುಕರು. ಪಕ್ಕದ ಮನೆ ಅವದಿಯಾಳ ಗಂಡ ತಿರಾಬ್ ಮಾತ್ರ ಎರಡು ವಾರದ ಹಿಂದೆ ಬಂದಿದ್ದ. ಅವಳ ಹಿತ್ತಲು ಶೆಲ್ ಬಿದ್ದು ಕುಸಿದಿತ್ತು, ಗುಂಡಿಯೂ ಮುಚ್ಚಿಹೋಗಿತ್ತು.

ಕಾಫಿಗೆ ಕರೆದೆ. ಬಟ್ಟಲಿಗೆ ಬಾಗಿದಾಗ ಅವಳ ಕುತ್ತಿಗೆಯಿಂದ ಅದೇ ಘಮ ಬಂತು. ವಾರಗಟ್ಟಲೆ ಮೈಬಿಡದ ಘಮ.

"ಗಂಡ ಬಂದ ಖುಷಿಗೆ ನನ್ನ ಗುಂಡಿ ಬೇಕಾಯ್ತೇನೇ? ಕೇಳಿದ್ರೆ ಕೊಡ್ತಿರ್ಲಿಲ್ವಾ, ಹುಚ್ಚಿ?"

ಅವಳು ಬಟ್ಟಲು ಕೆಳಗಿಟ್ಟಳು.

"ನಾಚಿಕೆಯಾಯ್ತಜ್ಜಿ. ನೀವು ಗಂಜಿಕೇಂದ್ರಕ್ಕೆ ಹೋದಾಗ ಬಂದೆ. ಡಬ್ಬಿ ತೆಗ್ದು ಬೆಂಕಿ ಹಾಕಿದೆ, ಆರಿದ್ಮೇಲೆ ಅಲ್ಲೇ ಇಟ್ಟೆ. ಮಾರನೇ ದಿನ ಚೌಕೀಲಿ ತಿರಾಬ್‌ನ ಹಿಡ್ಕೊಂಡ್ರು. ಬಿಡಿಸ್ಕೊಂಡು ಬರೋಕೆ ಹೋದೆ. ಕರಪತ್ರ ಎಲ್ಲಿದೆ ಹೇಳು, ಇಲ್ಲಾಂದ್ರೆ ಹೆಣ ತಗೊಂಡು ಹೋಗು ಅಂದ್ರು. ಜಾಗ ಹೇಳ್ದೆ, ಅವನ್ನ ಬಿಟ್ರು. ಮೇಷ್ಟ್ರ ಹೆಸ್ರು ಹೇಳ್ಲಿಲ್ಲ ಅಜ್ಜಿ. ಗಂಜಿಕೇಂದ್ರದ ಹಲಗೆ ಮೇಲಿನ ಕೈಬರಹಕ್ಕೆ ಹೋಲಿಸಿ ಅವರೇ ಕಂಡುಹಿಡಿದ್ರು."

ಕೋಪ ಬಂದಿತ್ತು. ಆದರೆ ನನಗೂ ಗಂಡನ ಹೆಣ ಕೊಡುತ್ತೇವೆ ಎಂದಿದ್ದರೆ ನಾನೇನು ಹೇಳುತ್ತಿದ್ದೆ? ಅವಳ ತಲೆ ನೇವರಿಸಿದೆ.

"ಓಣಿಯವರಿಗೆ ನಾನೇ ಹೇಳ್ತೀನಿ" ಎಂದಳು.

* * *

ಗಂಜಿಯ ಸಾಲಿನೆದುರು ನಿಂತು ಹೇಳಿದಳು. ಬುಷಾರಾ ಬೈದ. ಕೂಕೂ ಅವನ ಬಾಯಿ ಮುಚ್ಚಿಸಿದ. ಅವದಿಯಾ ಅರ್ಜಿ ತೆಗೆದುಕೊಂಡು ಎಲ್ಲರಿಗಿಂತ ಮೇಲೆ ತನ್ನ ಹೆಸರು ಬರೆದಳು. ಸಂಜೆಯೊಳಗೆ ನಲವತ್ತು ಸಹಿ ಬಿದ್ದವು.

"ಯಾರು ಒಯ್ತೀರಿ?" ಎಂದು ಕೇಳಿದೆ.

"ನಾನೇ" ಎಂದಳು ಅವದಿಯಾ. "ಆ ದಾರಿ ನಂಗೆ ಗೊತ್ತು."

ತಿರಾಬ್ ಎದ್ದು ಚಪ್ಪಲಿ ಮೆಟ್ಟಿದ. ಇಬ್ಬರೂ ಅರ್ಜಿ ಹಿಡಿದು ಚೌಕಿಯ ಕಡೆ ನಡೆದರು.